ನಂಜನಗೂಡು ನಂಜನಗೂಡಲ್ಲವೇ?



ಈ ಎರಡು ಪದಗಳನ್ನು ಒಮ್ಮೆ ನೋಡಿ: ನಂಜನಗೂಡು, ನ೦ಜನಗೂಡು. ವ್ಯತ್ಯಾಸ ಕಂಡಿತೇ? ಕಾಣಲಿಲ್ಲ ತಾನೇ? ನಿಮ್ಮ ಕಣ್ಣು ಸರಿಯಾಗಿಯೇ ಇದೆ. ಆದರೆ ಇದೇ ಎರಡು ಪದಗಳನ್ನು ನಿಮ್ಮ ಕಂಪ್ಯೂಟರಿನ ಮುಂದಿಟ್ಟು ‘ಇವೆರಡೂ ಒಂದೇನಾ?’ ಎಂದು ಕೇಳಿ. ‘ಅಲ್ಲ’ ಎನ್ನುತ್ತದೆ. ಮೊದಲ ಪದದಲ್ಲಿ ‘ನ’ಕಾರದ ಪಕ್ಕ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ! ನಮಗೆ ಎರಡೂ ಒಂದೇ ದುಂಡು. ಯಂತ್ರಕ್ಕೆ ಒಂದು ಅಕ್ಷರ, ಇನ್ನೊಂದು ಅಂಕಿ.

ಹೊಳೆ ಹಿಡಿದು ಕೆಳಗೆ ಬನ್ನಿ. ಕಪಿಲೆ ಹೋಗಿ ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರ. ಇಲ್ಲಿ ಯಾರೂ ತಪ್ಪು ಟೈಪ್ ಮಾಡಬೇಕಾಗಿಯೂ ಇಲ್ಲ. ‘ನರಸೀಪುರ’ದ ‘ಸೀ’ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ರೀತಿಯಲ್ಲಿ ಬರೆಯಬಹುದು. ಗುಡಿಸು-ದೀರ್ಘ ಎರಡೂ ಸೇರಿ ಒಂದೇ ಸಂಕೇತ, ಅಥವಾ ಗುಡಿಸಿಗೆ ಒಂದು, ದೀರ್ಘಕ್ಕೆ ಇನ್ನೊಂದು ಸಂಕೇತ. ಎರಡೂ ಸಮಾನ ಎಂದು ಯೂನಿಕೋಡೇ ಸಾರಿದೆ. ಆದರೂ ಸಂಕೇತಗಳನ್ನು ಹಾಗೆಹಾಗೆಯೇ ತಾಳೆ ನೋಡುವ ತಂತ್ರಾಂಶ ‘ಇದು ಬೇರೆ ಊರು’ ಎಂದು ಕೆಂಪು ಬಣ್ಣ ಬಳಿಯುತ್ತದೆ. ಆಪಲ್ ಮ್ಯಾಕಿನ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ವಿಂಡೋಸಿನಲ್ಲಿ ಮಾಡಿದ ‘ನರಸೀಪುರ’ ಕಡತಕೋಶ ಮತ್ತು ಅಂಥ ಮ್ಯಾಕಿನಿಂದ ಬಂದ ‘ನರಸೀಪುರ’ ಕಡತಕೋಶ ಒಂದೇ ಡಿಸ್ಕಿನಲ್ಲಿ ಅಕ್ಕಪಕ್ಕ ಕೂತು ನಿಮ್ಮನ್ನು ಅಣಕಿಸಬಲ್ಲವು.

‘ಅಯ್ಯೋ, ಇದೇನು ಮಹಾ ಸಂಗತಿ! ಕನ್ನಡಕ್ಕೆ ಇದಕ್ಕಿಂತ ದೊಡ್ಡ ಕಷ್ಟಗಳಿಲ್ಲವೇ?’ ಎಂದು ನೀವು ಕೇಳಬಹುದು. ಕೇಳಿ. ಕೇಳಿದ ಮೇಲೆ ಮುಂದೆ ಓದಿ.

ಡಿಸ್ಕಿನ ಒಳಗೆ ಏನಿದೆ?

ಎರಡು ಡಿಸ್ಕುಗಳ ಒಳಗೆ ಏನೇನಿದೆ, ಯಾವುದು ಎರಡರಲ್ಲೂ ಇದೆ, ಯಾವುದು ಒಂದರಲ್ಲಿ ಮಾತ್ರ ಇದೆ, ಒಂದೇ ಹೆಸರಿನ ಕಡತದಲ್ಲಿ ಎಲ್ಲಿ ಬದಲಾವಣೆಯಾಗಿದೆ ಎಂದು ತೋರಿಸುವ ತಂತ್ರಾಂಶಗಳಿವೆ. 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ‘ಡಿಫ್’ ಇವುಗಳ ಅಜ್ಜ. ವಿನ್‌ಮರ್ಜ್, ಮೆಲ್ಡ್, ಕೆಡಿಫ್3 ಮೊಮ್ಮಕ್ಕಳು. ಈ ಮೂರೂ ಮುಕ್ತ ತಂತ್ರಾಂಶಗಳು. ದುಡ್ಡು ಕೊಡಬೇಕಿಲ್ಲ. ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ನಿಮ್ಮಲ್ಲಿ ಎಷ್ಟೋ ಜನ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ದಿನವಿಡೀ ಇಂಥವನ್ನೇ ಬಳಸಿ ಪರದೇಶದ ಕಂಪನಿಗಳ ಕೆಲಸ ಮಾಡುತ್ತಿದ್ದೀರಿ. ಈ ಸಾಧನದ ಹೊಟ್ಟೆಗೆ ಕನ್ನಡದ ಕಡತ ಹಾಕಿದರೆ ಏನಾಗುತ್ತದೆ ಎಂದು ಎಷ್ಟು ಮಂದಿ ನೋಡಿದ್ದೀರಿ?

ನಂಜನಗೂಡು ಮತ್ತು ತಿ.ನರಸೀಪುರ ತಾಲ್ಲೂಕುಗಳನ್ನೇ ತೆಗೆದುಕೊಳ್ಳೋಣ. ಇವು ಶಾಸನಗಳ ಸೀಮೆ. ಮರಳಿನಡಿ ಮಲಗಿದ ತಲಕಾಡು ಇಲ್ಲಿದೆ, ಸೋಮನಾಥಪುರ ಇಲ್ಲಿದೆ, ಸುತ್ತೂರು ಇಲ್ಲಿದೆ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಮೈಸೂರಿನವರು, ಎಲ್ಲರೂ ಈ ನೆಲದಲ್ಲಿ ಕಲ್ಲು ನೆಟ್ಟರು. ಬಿ.ಎಲ್. ರೈಸ್ 1894ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮೂರನೆಯ ಸಂಪುಟದಲ್ಲಿ ಎರಡೂ ತಾಲ್ಲೂಕುಗಳ ಶಾಸನಗಳು ಒಟ್ಟಿಗೆ ಅಚ್ಚಾದವು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಈ ಮಾಲೆಯ ಪರಿಷ್ಕರಣೆಯನ್ನು ಕೈಗೆತ್ತಿಕೊಂಡಿತು. ಆಗ ನಂಜನಗೂಡಿನ ಶಾಸನಗಳು 1974ರ ಮೂರನೆಯ ಸಂಪುಟಕ್ಕೂ ನರಸೀಪುರದವು 1976ರ ಐದನೆಯ ಸಂಪುಟಕ್ಕೂ ಹೋದವು. ಹೊಸ ಶಾಸನಗಳು ಸೇರಿದವು, ಹಳೆಯ ಪಾಠಗಳು ತಿದ್ದುಪಡಿಯಾದವು, ಸಂಖ್ಯೆಗಳು ಬದಲಾದವು.

ಕಲ್ಲಿನಿಂದ ಕಾಗದಕ್ಕೆ ಬಂದದ್ದು ಆಮೇಲೆ ಡಿಸ್ಕಿಗೂ ಇಳಿಯಿತು. ಸಂಪುಟಗಳ ಸಿಡಿ ಬಂತು. ಹಳೆಯ ಸಂಪುಟಗಳ ಪುಟಚಿತ್ರಗಳು ಅಂತರಜಾಲದ ಗ್ರಂಥಾಲಯಗಳಿಗೆ ಸೇರಿದವು. ಸಂಶೋಧಕರು, ಮೇಷ್ಟರು, ಹವ್ಯಾಸಿಗಳು ತಮಗೆ ಬೇಕಾದ ಶಾಸನಗಳನ್ನು ತಾವೇ ಟೈಪ್ ಮಾಡಿಕೊಂಡರು. ಒಬ್ಬರು ನುಡಿಯಲ್ಲಿ, ಇನ್ನೊಬ್ಬರು ಬರಹದಲ್ಲಿ, ಮತ್ತೊಬ್ಬರು ಶ್ರೀಲಿಪಿಯಲ್ಲಿ, ಈಚಿನವರು ಯೂನಿಕೋಡಿನಲ್ಲಿ. ಒಂದೇ ಕಲ್ಲಿಗೆ ನಾಲ್ಕು ಕಡತ. ಯಾವುದು ಮೂಲ, ಯಾವುದು ತಿದ್ದಿದ್ದು, ಯಾವುದು ಅರ್ಧ? ಇದನ್ನು ಹೇಳಬೇಕಾದದ್ದೇ ಹೋಲಿಕೆಯ ತಂತ್ರಾಂಶ. ಅದು ಹೇಳುವುದೇನು? ‘ನಾಲ್ಕೂ ಪೂರ್ತಿ ಬೇರೆ’! ಪರದೆಯ ತುಂಬ ಕೆಂಪು. ಎಲ್ಲವೂ ಕೆಂಪಾದ ಮೇಲೆ ಯಾವುದೂ ಕೆಂಪಲ್ಲ. ನೋಡುವವನು ಬೇಸತ್ತು ಮುಚ್ಚುತ್ತಾನೆ.

ಮೂರು ಅಕ್ಷರ, ಏಳು ಬೈಟು, ಹದಿನೈದು ಬೈಟು

ಏಕೆ ಹೀಗೆ? ‘ಕನ್ನಡ’ ಎಂಬ ಪದವನ್ನೇ ನೋಡಿ. ನಮಗೆ ಮೂರು ಅಕ್ಷರ. ನುಡಿಯ ಹಳೆಯ ವಿಧಾನದಲ್ಲಿ ಇದು ಏಳು ಬೈಟು. ಆ ವಿಧಾನ ಅಕ್ಷರವನ್ನು ಇಡುತ್ತಿರಲಿಲ್ಲ, ಅಕ್ಷರದ ತುಂಡುಗಳ ಚಿತ್ರಗಳನ್ನು ಇಡುತ್ತಿತ್ತು. ಅದೂ ಯೂರೋಪಿನ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡಿನ ಗುರುತು, ಜರ್ಮನ್ನರ ಒಂದು ಅಕ್ಷರ, ಮತ್ತೊಂದು ಕ್ಯೂ! ಅಲ್ಲಿ ಕನ್ನಡ ಇರಲೇ ಇಲ್ಲ, ಕನ್ನಡದ ವೇಷ ಇತ್ತು. ಯೂನಿಕೋಡಿನಲ್ಲಿ ಇದೇ ‘ಕನ್ನಡ’ ಐದು ಸಂಕೇತ. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೆ ಮೂರರಂತೆ ಹದಿನೈದು ಬೈಟು.

ಲೆಕ್ಕ ಹಾಕಿ. ಒಂದೇ ಶಾಸನದ ಎರಡು ಕಡತ. ಒಂದು ಇನ್ನೊಂದರ ಅರ್ಧದಷ್ಟಿದೆ. ಡಿಸ್ಕಿನಲ್ಲಿ ಜಾಗ ಸಾಲದೆಂದು ಸ್ವಚ್ಛ ಮಾಡಲು ಕೂತವನು ಏನೆಂದುಕೊಳ್ಳುತ್ತಾನೆ? ‘ಸಣ್ಣದು ಅಪೂರ್ಣ ಇರಬೇಕು’ ಎಂದು ಅಳಿಸುತ್ತಾನೆ. ಹಾಗೆ ಅಳಿಸಿದ್ದು ಕಲ್ಲನ್ನು ಕಣ್ಣಾರೆ ನೋಡಿ ತಿದ್ದಿದ ಪ್ರತಿಯಾಗಿದ್ದರೆ? ಉಳಿದದ್ದು ಪುಸ್ತಕ ನೋಡಿ ಅವಸರದಲ್ಲಿ ಕುಟ್ಟಿದ್ದಾಗಿದ್ದರೆ? ಹೊಲದಲ್ಲಿ ಬಿದ್ದ ಶಾಸನ ಒಡೆದರೆ ಊರಿಗೆ ಸದ್ದಾದರೂ ಕೇಳುತ್ತದೆ. ಡಿಸ್ಕಿನೊಳಗೆ ಕಡತ ಸತ್ತರೆ ಅಳುವವರೂ ಇಲ್ಲ.

ಆ ಕಾಲದಲ್ಲಿ ದುಡಿದವರನ್ನು ದೂರುವುದು ತರವಲ್ಲ. ಕೆ.ಪಿ. ರಾವ್ ಕೀಲಿಮಣೆ ಕೊಟ್ಟರು. ಶೇಷಾದ್ರಿವಾಸು 1998ರಲ್ಲಿ ‘ಬರಹ’ ಹೊರತಂದರು. ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಿತು. ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಕೂಗಿ ಕೂಗಿ ಹೇಳಿದರು. ಅವರೆಲ್ಲ ಇಲ್ಲದಿದ್ದರೆ ಆ ಡಿಸ್ಕುಗಳಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ನಮ್ಮ ಸರ್ಕಾರ ಅದನ್ನು ಆಡಳಿತದ ಶಿಷ್ಟತೆಯೆಂದು ಒಪ್ಪಿದ್ದು 2012ರಲ್ಲಿ. ನಡುವೆ ಇಪ್ಪತ್ತೊಂದು ವರ್ಷ! ಆ ಇಪ್ಪತ್ತೊಂದು ವರ್ಷದ ಕನ್ನಡ ಫ್ಲಾಪಿ, ಸಿಡಿ, ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ವೇಷ ಹಾಕಿಕೊಂಡೇ ಕೂತಿದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಕಿಂಡಿಯೇ ಇಲ್ಲ. ಸಾವಿರ ವರ್ಷ ಮಳೆಬಿಸಿಲು ತಿಂದ ಕಲ್ಲಿನ ಮೇಲೆ ಇನ್ನೂ ಅಕ್ಷರ ಇದೆ. ಇಪ್ಪತ್ತು ವರ್ಷ ಬೀರುವಿನಲ್ಲಿಟ್ಟ ಸಿಡಿ ಓದುತ್ತದೆಂದು ಯಾರೂ ಭರವಸೆ ಕೊಡಲಾರರು.

ಯಾವ ಭೇದ ಅಳಿಸಬೇಕು, ಯಾವುದನ್ನು ಉಳಿಸಬೇಕು?

ಇಲ್ಲೇ ಮುಖ್ಯ ಮಾತು ಇದೆ. ಗಮನ ಕೊಡಿ.

ಎರಡು ಕಡತಗಳ ನಡುವೆ ಎರಡು ಜಾತಿಯ ಭೇದಗಳಿರುತ್ತವೆ. ಒಂದು ಯಂತ್ರದ ಭೇದ. ನುಡಿಯಲ್ಲೋ ಯೂನಿಕೋಡಿನಲ್ಲೋ, ‘ಸೀ’ ಒಂದು ಸಂಕೇತವೋ ಎರಡೋ, ‘ರಾಜ್‌ಕುಮಾರ್’ ಹೆಸರಿನ ನಡುವೆ ಕಣ್ಣಿಗೆ ಕಾಣದ ತಡೆ-ಸಂಕೇತ ಇದೆಯೋ ಇಲ್ಲವೋ, ಇವೆಲ್ಲ ಯಂತ್ರದ ಗಲಾಟೆ. ಕನ್ನಡ ಓದುವವನಿಗೆ ಇದರಿಂದ ಆಗಬೇಕಾದ್ದು ಏನೂ ಇಲ್ಲ. ಇದನ್ನು ತಂತ್ರಾಂಶ ತಾನೇ ಸಂಭಾಳಿಸಬೇಕು.

ಇನ್ನೊಂದು ಕನ್ನಡದ ಭೇದ. ಒಬ್ಬರು ‘ಗಂಗ’ ಎಂದು ಬರೆದಿದ್ದಾರೆ, ಇನ್ನೊಬ್ಬರು ಕಲ್ಲಿನಲ್ಲಿ ಇರುವಂತೆ ‘ಗಙ್ಗ’ ಎಂದು ಬರೆದಿದ್ದಾರೆ. ಒಬ್ಬರು ‘ಱ’ ಇದ್ದಲ್ಲಿ ‘ರ’ ಹಾಕಿದ್ದಾರೆ, ‘ೞ’ ಇದ್ದಲ್ಲಿ ‘ಳ’ ಹಾಕಿದ್ದಾರೆ. ಇದು ಗಲಾಟೆಯಲ್ಲ, ಸಾಕ್ಷಿ. ಯಾವ ಶತಮಾನದಲ್ಲಿ ನಮ್ಮ ನಾಲಿಗೆ ಹೇಗೆ ತಿರುಗುತ್ತಿತ್ತು ಎಂಬುದಕ್ಕೆ ಇರುವ ಪುರಾವೆ. ಇದನ್ನು ‘ಸರಿ ಮಾಡುತ್ತೇನೆ’ ಎಂದು ಅಳಿಸುವ ತಂತ್ರಾಂಶ ಕೆಂಪು ಬಳಿಯುವ ತಂತ್ರಾಂಶಕ್ಕಿಂತ ಅಪಾಯಕಾರಿ.

ಒಂದು ಉದಾಹರಣೆ. ತಿ.ನರಸೀಪುರ ತಾಲ್ಲೂಕಿನ ಕಲಿಯೂರಿನ ಶಾಸನ, ರೈಸ್ ಸಂಪುಟದಲ್ಲಿ ತಿ.ನ. 44. ಕ್ರಿ.ಶ. 1006ರ ಸುಮಾರಿಗೆ ಚೋಳ ರಾಜರಾಜನ ಸೇನಾನಿ ಅಪ್ರಮೇಯನಿಗೂ ಹೊಯ್ಸಳರ ಮಂತ್ರಿ ನಾಗಣ್ಣನಿಗೂ ನಡೆದ ಕಾಳಗದ ಸಂಗತಿ ಅದರಲ್ಲಿದೆ. ಹೊಯ್ಸಳರ ಆರಂಭದ ಚರಿತ್ರೆ ಬರೆಯುವವರು ಈ ಕಲ್ಲನ್ನು ದಾಟಿ ಹೋಗುವಂತಿಲ್ಲ. ಇಂಥ ಶಾಸನದಲ್ಲಿ ಒಂದು ಅಕ್ಷರ ಬದಲಾದರೆ ಹೆಸರು ಬದಲಾಗುತ್ತದೆ. ಹಳೆಯ ಸಂಪುಟದಿಂದ ಟೈಪ್ ಮಾಡಿದ ಕಡತವೊಂದು, ಪರಿಷ್ಕೃತ ಸಂಪುಟದಿಂದ ಮಾಡಿದ್ದು ಇನ್ನೊಂದು. ಇವೆರಡನ್ನೂ ಅಕ್ಕಪಕ್ಕ ಇಟ್ಟಾಗ ಪಾಠ ಬೇರೆಯಾದ ಜಾಗ ಮಾತ್ರ ಹೊಳೆಯಬೇಕು. ಸಂಖ್ಯೆ ಬದಲಾಗಿದೆ ಎಂಬ ಕಾರಣಕ್ಕೆ ‘ಜೋಡಿ ಸಿಗಲಿಲ್ಲ’ ಎನ್ನಬಾರದು. ಹೆಸರಿನಿಂದ ಅಲ್ಲ, ಒಳಗಿನ ಮಾತಿನಿಂದ ಜೋಡಿ ಹುಡುಕಬೇಕು. ಇನ್ನೊಂದು ಮಾತು: ಈ ಸೀಮೆಯ ಶಾಸನಗಳಲ್ಲಿ ಕನ್ನಡದ ಜೊತೆ ಚೋಳರ ಕಾಲದ ತಮಿಳೂ ಇದೆ. ಚರಿತ್ರೆಯ ವಿಷಯದಲ್ಲಿ ಮುನಿಸು ಬೇಡ. ಒಂದೇ ಕಡತಕೋಶದಲ್ಲಿ ಎರಡೂ ಲಿಪಿ ಬಂದರೂ ತಂತ್ರಾಂಶ ತಡವರಿಸಬಾರದು.

ಇದು ಶಾಸನ ಓದುವ ನಾಲ್ಕು ಜನರ ತಲೆನೋವು ಎಂದು ಕೈತೊಳೆದುಕೊಳ್ಳಬೇಡಿ. ನಮ್ಮ ರಾಜ್ಯದಲ್ಲಿ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿ ನಿಂತು ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು. ಅಲ್ಲಿಂದೀಚೆಗೆ ರೈತನ ಹೊಲ ಇರುವುದು ಊರಿನಲ್ಲಿ, ಹೊಲದ ಮಾಲೀಕತ್ವ ಇರುವುದು ಡಿಸ್ಕಿನಲ್ಲಿ. ಒಂದು ಪಟ್ಟಿಯಲ್ಲಿ ನಂಜುಂಡೇಗೌಡ ಅನುಸ್ವಾರದೊಂದಿಗೆ, ಇನ್ನೊಂದು ಪಟ್ಟಿಯಲ್ಲಿ ಅದೇ ನಂಜುಂಡೇಗೌಡ ಸೊನ್ನೆಯೊಂದಿಗೆ ಇದ್ದಾನೆಂದುಕೊಳ್ಳಿ. ಎರಡು ಪಟ್ಟಿ ತಾಳೆ ನೋಡುವ ಯಂತ್ರಕ್ಕೆ ಅವನು ಇಬ್ಬರು ಮನುಷ್ಯರು! ‘ಹೆಸರು ಹೊಂದುತ್ತಿಲ್ಲ, ತಿದ್ದಿಸಿಕೊಂಡು ಬಾ’ ಎಂದರೆ ಅವನು ತಿದ್ದಿಸುವುದು ಏನನ್ನು? ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಣ್ಣಿಗೆ ಕಾಣದ ತಪ್ಪಿಗೆ ಬಡವ ಬಸ್ ಚಾರ್ಜು ತೆರಬೇಕೇ?

ಏನಾಗಬೇಕು?

ಬರೀ ಗೋಳು ಹೇಳಿ ಮುಗಿಸುವ ಪತ್ರಿಕೆ ಇದಲ್ಲ. ಕನ್ನಡಕ್ಕೆ ಒಗ್ಗುವ ಹೋಲಿಕೆಯ ಸಾಧನದಲ್ಲಿ ಇಷ್ಟು ಇರಲೇಬೇಕು:

ಒಂದು, ಹೋಲಿಸುವ ಮುನ್ನ ಎರಡೂ ಕಡೆಯ ಪಠ್ಯವನ್ನು, ಕಡತದ ಹೆಸರನ್ನೂ ಸೇರಿಸಿ, ಯೂನಿಕೋಡಿನ ಒಂದೇ ರೂಪಕ್ಕೆ ತರಬೇಕು. ಪೈಥಾನ್ ಬಲ್ಲವರಿಗೆ ಇದು ಒಂದು ಸಾಲಿನ ಕೆಲಸ.

ಎರಡು, ನುಡಿ, ಬರಹ, ಶ್ರೀಲಿಪಿಗಳ ಹಳೆಯ ಕಡತಗಳನ್ನು ಗುರುತಿಸಿ, ಹೋಲಿಕೆಯ ಹೊತ್ತಿಗೆ ಮಾತ್ರ ಯೂನಿಕೋಡಿಗೆ ತಿರುಗಿಸಬೇಕು. ಡಿಸ್ಕಿನಲ್ಲಿರುವ ಮೂಲ ಕಡತವನ್ನು ಮುಟ್ಟಕೂಡದು. ಇದು ಬರೀ ತುಂಡು ಬದಲಿಸುವ ಕೆಲಸವಲ್ಲ. ‘ಧರ್ಮ’ದ ಅರ್ಕಾವತ್ತು ಹಳೆಯ ವಿಧಾನದಲ್ಲಿ ‘ಮ’ಕಾರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ’ಕಾರ ಮೊದಲು. ಈ ಅದಲುಬದಲು ಬಲ್ಲ ಪರಿವರ್ತಕಗಳನ್ನು ಕನ್ನಡದ ಹುಡುಗರೇ ಬರೆದು ಮುಕ್ತವಾಗಿ ಕೊಟ್ಟಿದ್ದಾರೆ. ಅವನ್ನು ಈ ಸಾಧನಕ್ಕೆ ಜೋಡಿಸುವವರು ಬೇಕು.

ಮೂರು, ಅನುಸ್ವಾರದ ಜಾಗದಲ್ಲಿ ಸೊನ್ನೆ ಬಂದರೆ ಎಚ್ಚರಿಸಬೇಕು. ಕಾಣದ ಸಂಕೇತಗಳನ್ನು ಬೇಕೆಂದಾಗ ಕಾಣುವಂತೆ ತೋರಿಸಬೇಕು. ಎರಡು ಅಕ್ಷರಗಳ ನಡುವಿನ ಸೊನ್ನೆ ಬಹುತೇಕ ಅನುಸ್ವಾರ, ಅಂಕಿಗಳ ನಡುವಿನದು ನಿಜವಾದ ಸೊನ್ನೆ. ಇಷ್ಟು ಬುದ್ಧಿ ಯಂತ್ರಕ್ಕೆ ಕಲಿಸಬಹುದು. ಆದರೆ ತಿದ್ದುವ ಕೊನೆಯ ಮಾತು ಮನುಷ್ಯನದೇ ಆಗಿರಲಿ.

ನಾಲ್ಕು, ಭೇದ ತೋರಿಸುವಾಗ ಇಡೀ ಅಕ್ಷರಕ್ಕೆ ಬಣ್ಣ ಬರಬೇಕು. ‘ಷ್ಟ್ರ’ ಒಂದು ಅಕ್ಷರ. ಅದರ ಒತ್ತಿಗೆ ಮಾತ್ರ ಬಣ್ಣ ಬಳಿಯಲು ಹೋಗಿ ಅಕ್ಷರದ ಕೈಕಾಲು ಮುರಿಯಬಾರದು.

ಐದು, ಡಿಸ್ಕಿನ ಪಟ್ಟಿ ನಮ್ಮ ವರ್ಣಮಾಲೆಯ ಕ್ರಮದಲ್ಲಿ ಬರಬೇಕು. ಸಂಕೇತಸಂಖ್ಯೆಯ ಕ್ರಮದಲ್ಲಿ ‘ಳ’ ಹೋಗಿ ‘ಲ’ದ ಮಗ್ಗುಲಲ್ಲಿ ಕೂರುತ್ತದೆ. ಶಾಲೆಯಲ್ಲಿ ನಾವು ಕಲಿತದ್ದು ‘ಹ’ ಆದ ಮೇಲೆ ‘ಳ’.

ಆರು, ಸಾಧನದ ಗುಂಡಿಗಳು, ಎಚ್ಚರಿಕೆಗಳು, ಸಹಾಯಪುಟ ಎಲ್ಲ ಕನ್ನಡದಲ್ಲಿರಬೇಕು. ನಂಜನಗೂಡಿನ ಗ್ರಂಥಾಲಯದಲ್ಲಿ ಕೂತವರು ಇಂಗ್ಲಿಷ್ ಹಂಗಿಲ್ಲದೆ ಎರಡು ಡಿಸ್ಕು ತಾಳೆ ನೋಡುವಂತಾಗಬೇಕು.

ಇದಕ್ಕೆಲ್ಲ ಹೊಸ ತಂತ್ರಾಂಶ ಕಟ್ಟಬೇಕಿಲ್ಲ. ವಿನ್‌ಮರ್ಜ್‌ನಲ್ಲಿ ಹೋಲಿಕೆಗೆ ಮುನ್ನ ಪಠ್ಯವನ್ನು ಹದ ಮಾಡಿಕೊಳ್ಳುವ ಪ್ಲಗಿನ್ ಹಾಕಲು ಅವಕಾಶ ಇದೆ. ಪರದೆಯ ಮೇಲೆ ಮೂಲ ಪಠ್ಯ ಹಾಗೆಯೇ ಇರುತ್ತದೆ, ಹೋಲಿಕೆ ಮಾತ್ರ ಹದವಾದ ಪಠ್ಯದ ಮೇಲೆ ನಡೆಯುತ್ತದೆ. ಬಾಗಿಲು ತೆರೆದೇ ಇದೆ. ಒಳಗೆ ಹೋಗುವವರು ಬೇಕು.

ಹೊರಗಿನ ಬಾಗಿಲುಗಳೂ ಇವೆ. 2023ರಲ್ಲಿ ಯೂನಿಕೋಡ್ ತನ್ನ 15.1ನೇ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವೆಂದು ಎಣಿಸುವ ನಿಯಮ ತಂದಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ! ತೆಲುಗಿಗೂ ನಮಗೂ ಲಿಪಿ ಅಕ್ಕತಂಗಿಯಂತೆ. ಅಕ್ಕನಿಗೆ ಎಲೆ ಹಾಕಿ ತಂಗಿಯನ್ನು ಹೊರಗೆ ನಿಲ್ಲಿಸಿದ ಹಾಗಾಯಿತು. ಹಳಗನ್ನಡದ ‘ೞ’ ಅಕ್ಷರಕ್ಕಂತೂ ಯೂನಿಕೋಡ್ ಪಟ್ಟಿಯಲ್ಲಿ ಕೊಟ್ಟ ಹೆಸರೇ ‘ಫ’! ಒಮ್ಮೆ ಇಟ್ಟ ಹೆಸರು ಬದಲಿಸುವುದಿಲ್ಲ ಎಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ, ತಿದ್ದುಪಡಿಯ ಇನ್ನೊಂದು ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ಇದರಲ್ಲೆಲ್ಲ ಪಿತೂರಿ ಹುಡುಕುತ್ತಾ ಕೂರಬೇಡಿ. ಯೂನಿಕೋಡಿಗೆ ಯಾರು ಬೇಕಾದರೂ ಆಧಾರ ಸಹಿತ ಮನವಿ ಬರೆಯಬಹುದು. ಹಳೆಯ ಬರವಣಿಗೆಯಲ್ಲಿ ಬರುವ ‘ನಕಾರ ಪೊಲ್ಲು’ 2021ರ 14ನೇ ಆವೃತ್ತಿಯಲ್ಲಿ ಸೇರಿತಲ್ಲ! ಘೋಷಣೆ ಕೂಗಲು ಬರುವ ಗಂಟಲಿಗೆ ಒಂದು ಗಟ್ಟಿ ಮನವಿ ಬರೆಯಲು ಬಾರದೇ?

ಬೆಂಗಳೂರಿನ ಮಿಥಿಕ್ ಸೊಸೈಟಿಯ ಆಸರೆಯಲ್ಲಿ ಉತ್ಸಾಹಿಗಳ ತಂಡವೊಂದು ಬೆಂಗಳೂರಿನ ಸುತ್ತಲ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ, ಹಳೆಯ ಪಾಠಗಳ ಜೊತೆ ತಾಳೆ ನೋಡುತ್ತಿದೆ. ನಗರದ ಜನ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಮೈಸೂರಿನಿಂದ ನಂಜನಗೂಡು ಸುಮಾರು 25 ಕಿಲೋಮೀಟರ್. ತಿ.ನರಸೀಪುರವೂ ದೂರವಲ್ಲ. ಭಾನುವಾರ ಬೈಕ್ ಹತ್ತಿ ರೆಸಾರ್ಟಿಗೆ ಹೋಗುವ ದಾರಿಯಲ್ಲೇ ಇರುವ ಊರುಗಳು.

ನಮ್ಮ ಒತ್ತಾಯ ಇಷ್ಟು. ವಿಶ್ವವಿದ್ಯಾನಿಲಯಗಳು, ಪ್ರಾಚ್ಯವಸ್ತು ಇಲಾಖೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ತಮ್ಮ ಬೀರುಗಳಲ್ಲಿರುವ ಡಿಸ್ಕುಗಳ ಪಟ್ಟಿ ಮಾಡಲಿ. ಒಳಗಿರುವುದನ್ನು ಇದ್ದಕ್ಕಿದ್ದ ಹಾಗೆ ನಕಲು ತೆಗೆದು ಮೂರು ಕಡೆ ಇಡಲಿ. ಯೂನಿಕೋಡಿಗೆ ತಿರುಗಿಸಿದ ಪ್ರತಿಯ ಜೊತೆಗೆ ಹಳೆಯ ಪ್ರತಿಯನ್ನೂ ಉಳಿಸಲಿ. ಸರ್ಕಾರದ ದುಡ್ಡಿನಲ್ಲಿ ಮಾಡಿಸಿದ ಕನ್ನಡ ತಂತ್ರಾಂಶದ ಒಳಕೋಡ್ ಜನರಿಗೆ ಮುಕ್ತವಾಗಲಿ.

ನಿಮ್ಮ ಪಾಲಿನ ಕೆಲಸವೂ ಇದೆ. ನಿಮ್ಮ ಮನೆಯಲ್ಲಿ, ನಿಮ್ಮ ಮೇಷ್ಟರ ಮನೆಯಲ್ಲಿ, ಊರಿನ ಸಂಘದ ಕಪಾಟಿನಲ್ಲಿ ಹಳೆಯ ಸಿಡಿ, ಫ್ಲಾಪಿ ಇದ್ದರೆ ಈ ತಿಂಗಳೇ ಹೊರತೆಗೆಯಿರಿ. ಓದುವ ಯಂತ್ರ ಹುಡುಕಿ ನಕಲು ಮಾಡಿ. ಅರ್ಥವಾಗದ ಅಕ್ಷರ ಕಂಡರೆ ‘ಕೆಟ್ಟಿದೆ’ ಎಂದು ಎಸೆಯಬೇಡಿ, ಅದು ವೇಷದಲ್ಲಿರುವ ಕನ್ನಡ ಇರಬಹುದು. ಕೋಡ್ ಬರೆಯಲು ಬಲ್ಲವರು ನಾಲ್ಕೈದು ಜನ ಸೇರಿ ಒಂದು ಪ್ಲಗಿನ್ ಬರೆಯಿರಿ. ಬರೆಯಲು ಬಾರದವರು ಒಂದು ಶಾಸನವನ್ನು ಎರಡು ಸಂಪುಟಗಳಿಂದ ಟೈಪ್ ಮಾಡಿ ಅವರಿಗೆ ಪರೀಕ್ಷೆಗೆ ಕೊಡಿ. ತಪ್ಪು ಕಂಡರೆ ಹೇಳಿ, ಮತ್ತೆ ತಿದ್ದಲಿ.

ಪರದೇಶದ ಕಂಪನಿಯ ಕೋಡಿನಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ರಾತ್ರಿಯೆಲ್ಲ ಕೂತು ಹುಡುಕುವ ಕಣ್ಣು ನಿಮ್ಮದು. ವಾರಕ್ಕೆ ಎರಡು ಗಂಟೆ ಆ ಕಣ್ಣನ್ನು ಕನ್ನಡಕ್ಕೂ ಕೊಡಿ.